ಒಣಗದ ಕತ್ತೆ

ಆ ಊರಿನಲ್ಲಿ ಗೆರೆ ಎಳೆಯುವುದಕ್ಕೆ ನೀರು ಬಿಟ್ಟು ಬೇರೇನೂ ಇರಲಿಲ್ಲ. ಇರಲಿಲ್ಲ ಅಂದರೆ, ಇರಕೂಡದು. ಇದ್ದಿಲು ಒಲೆಯಲ್ಲಿತ್ತು, ಕೆಮ್ಮಣ್ಣು ಕಾಲ ಕೆಳಗೇ ಇತ್ತು, ಸುಣ್ಣ ಎಲೆಯಡಿಕೆ ಹಾಕುವವರ ಡಬ್ಬಿಯಲ್ಲಿತ್ತು. ಯಾವುದರಿಂದಲೂ ಒಂದು ಗೆರೆ ಎಳೆಯಕೂಡದು. ಹೆಂಗಸರು ಬೆಳಗಾಗೆದ್ದು ಬಾಗಿಲಿಗೆ ನೀರಿನಲ್ಲಿ ರಂಗೋಲಿ ಬಿಡುತ್ತಿದ್ದರು, ಹಾಲಿನವನು ಬರುವ ಹೊತ್ತಿಗೆ ಅದು ಹೋಗಿರುತ್ತಿತ್ತು. ಮದುಮಗಳ ಹಣೆಗೆ ನೀರಿನ ಬೊಟ್ಟು. ಸತ್ತವರ ಕಲ್ಲಿನ ಮೇಲೆ ಹೆಸರನ್ನು ನೀರಿನಲ್ಲಿ ಬರೆದು, ಒಣಗುವವರೆಗೆ ಅತ್ತು, ಒಣಗಿದ ಮೇಲೆ ಮನೆಗೆ ಹೋಗಿ ಊಟ ಮಾಡುತ್ತಿದ್ದರು. ಉಳಿದ ಗೆರೆ ಕೊಳೆ. ಇದು ಆ ಊರಿನ ಕಟ್ಟಳೆ.

ಅಂಥ ಊರಿಗೆ ಚಿತ್ರ ಕಲಿಯಲು ಹೋದವನು ನಾನು, ಅಗಸರ ಮನೆಯ ಹುಡುಗ. ಕೊಳೆ ಅಂದರೇನು ಅಂತ ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ನಾನು ಎಂಥವನು ಅಂತ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಜಂಬ ಅನ್ನಬೇಡಿ. ಊರಿನವರ ಮಕ್ಕಳು ನೀರನ್ನು ಕುಡಿಯುವುದಕ್ಕೆ, ಮೀಯುವುದಕ್ಕೆ ಮಾತ್ರ ಕಂಡವರು. ನಾನು ಹೊಳೆಯ ಒಗೆಯುವ ಕಲ್ಲುಗಳ ನಡುವೆ ಅಂಬೆಗಾಲಿಟ್ಟವನು. ಯಾವ ಕಲ್ಲು ನೀರನ್ನು ಕುಡಿಯುತ್ತದೆ, ಯಾವುದು ಹೊತ್ತುಕೊಂಡು ಕೂರುತ್ತದೆ, ಯಾವ ಗಾಳಿ ಬಟ್ಟೆಯ ಅಂಚನ್ನು ಮೊದಲು ಒಣಗಿಸುತ್ತದೆ, ಯಾವ ಗಾಳಿ ನಡುವನ್ನು, ಎಲ್ಲ ಗೊತ್ತು. ಒದ್ದೆ ಕಾಲಿನ ಹೆಬ್ಬೆರಳಿನಲ್ಲಿ ಕಲ್ಲಿನ ಮೇಲೆ ನಾನು ಬರೆದ ನಾಯಿಯನ್ನು ಕಂಡು ನಿಜವಾದ ನಾಯಿ ಬೊಗಳಿದೆ. ನಂಬಿದರೆ ನಂಬಿ, ಬಿಟ್ಟರೆ ಬಿಡಿ.

ಕಲಿಸುವ ಜಾಗಕ್ಕೆ ಚಿತ್ರದ ಮನೆ ಅಂತ ಹೆಸರು. ಅದರ ಅಂಗಳದ ನಡುವೆ ಒಂದು ಹಾಸುಗಲ್ಲು, ಕಣದಷ್ಟು ಅಗಲ, ಬೂದಿಯಷ್ಟು ಬಿಳುಪು. ಪ್ರತಿ ಸಂಜೆ ಒರೆಸುವವನು ಎಂಬ ಮುದುಕ ಅದನ್ನು ಸುಣ್ಣದ ತಿಳಿಯಿಂದ ತೊಳೆಯುತ್ತಿದ್ದ. ಪ್ರತಿ ಬೆಳಿಗ್ಗೆ ನಾವು ನಲವತ್ತು ಜನ ಅದರ ಸುತ್ತ ಕೂರುತ್ತಿದ್ದೆವು. ಒಬ್ಬೊಬ್ಬರಿಗೆ ಒಂದು ಕಂಚಿನ ಬಟ್ಟಲು ನೀರು, ತುದಿ ಜಗಿದು ನಾರು ಮಾಡಿದ ಒಂದು ಈಚಲ ಕಡ್ಡಿ, ಕಲ್ಲಿನ ಮೇಲೆ ಒಂದು ಮಾರು ಜಾಗ. ಎದುರಿಗೆ ಮಣೆಯ ಮೇಲೆ ಆ ದಿನದ ವಸ್ತು. ಒಂದು ದಿನ ಕಾಲು ಕಟ್ಟಿದ ಕೋಳಿ. ಒಂದು ದಿನ ಬಾಗಿದ ಬೆನ್ನಿನ ಅಜ್ಜ. ಒಮ್ಮೆ ಒಂದೇ ಬದನೆಕಾಯಿಯನ್ನು ತಿಂಗಳಿಡೀ ಇಟ್ಟಿದ್ದರು. ಅದು ದಿನದಿನಕ್ಕೆ ಸುಕ್ಕಾಗುತ್ತ ಹೋಯಿತು, ನಾವು ಆ ಸುಕ್ಕನ್ನೇ ಬರೆಯುತ್ತ ಹೋದೆವು.

ಹಿರಿಯ ಮೇಷ್ಟ್ರು ನಿಂತು, "ನೋಡು" ಅನ್ನುತ್ತಿದ್ದರು.

ನಲವತ್ತು ಬಾಯಿ: "ನೋಡಿದೆ."

"ಇಳಿಸು."

ನಲವತ್ತು ಕಡ್ಡಿಗಳು ಕಲ್ಲಿಗೆ ಇಳಿಯುತ್ತಿದ್ದವು. ಬಿಳಿಯ ಕಲ್ಲಿನ ಮೇಲೆ ಒದ್ದೆಯ ಕಪ್ಪು ಗೆರೆ. ಬರೆದು ಮುಗಿದ ಮೇಲೆ, "ಇಳಿಸಿದೆ."

"ಬಿಡು."

"ಬಿಟ್ಟೆ."

ಅಷ್ಟೇ. ಆಮೇಲೆ ಕೈ ಕಟ್ಟಿ ಕೂತು ಒಣಗುವುದನ್ನು ನೋಡುವುದು. ಮೊದಲು ಕೂದಲಿನಂಥ ಗೆರೆಗಳು ಹೋಗುತ್ತವೆ, ಆಮೇಲೆ ಅಂಚು, ಆಮೇಲೆ ಕಣ್ಣು. ಯಾರ ಚಿತ್ರ ಎಲ್ಲಕ್ಕಿಂತ ಕೊನೆಗೆ ಹೋಗುತ್ತದೋ ಅವರ ಅಂಗೈಗೆ ಒಂದು ಉಂಡೆ ಬೆಲ್ಲ. ನೀರು ಹೆಚ್ಚು ಸುರಿದರೆ ಹರಡುತ್ತದೆ, ಕಡಿಮೆಯಾದರೆ ಹಾರುತ್ತದೆ. ಹದ ಗೊತ್ತಿರಬೇಕು. ಬಂದ ತಿಂಗಳಲ್ಲೇ ನಾನು ಸಾಲಾಗಿ ಇಪ್ಪತ್ತಾರು ದಿನ ಬೆಲ್ಲ ತಿಂದೆ. ಇಪ್ಪತ್ತೇಳನೆಯ ದಿನ ಮೋಡ ಮುಚ್ಚಿತ್ತು, ಅದು ಲೆಕ್ಕಕ್ಕಿಲ್ಲ.

ಮೇಷ್ಟ್ರು ನನಗೆ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದರು. "ಕಾಲಿನಿಂದ ಶುರುಮಾಡಪ್ಪ. ನೆಲಕ್ಕೆ ಊರಿರುವುದನ್ನು ಮೊದಲು ಇಳಿಸು. ನೀನು ಯಾವಾಗಲೂ ಕಿವಿಯಿಂದ ಶುರು ಮಾಡ್ತೀಯ."

"ಕಾಲು ಯಾರಾದರೂ ಬರೀತಾರೆ ಮೇಷ್ಟ್ರೇ. ಕಿವಿ ಬರೀರಿ ನೋಡಾಣ" ಅಂದಿದ್ದೆ ನಾನು. ಎಲ್ಲರೂ ನಕ್ಕಿದ್ದರು. ಅವರು ನಗಲಿಲ್ಲ.

ವರ್ಷಕ್ಕೊಂದು ದಿನ ನೋಡುವವರ ದಿನ. ಅಂದು ಮನೆಯವರು ಬರಬಹುದು. ಆದರೆ ಹಸಿ ಗೆರೆಯ ಮೇಲೆ ಹೊರಗಿನವರ ಕಣ್ಣು ಬೀಳಕೂಡದು, ಹಾಗಾಗಿ ಕಲ್ಲು ಪೂರ್ತಿ ಒಣಗಿದ ಮೇಲೇ ಬಾಗಿಲು ತೆಗೆಯುತ್ತಿದ್ದರು. ತಂದೆ ತಾಯಿಗಳು ಒಳಗೆ ಬಂದು ಖಾಲಿ ಕಲ್ಲಿನ ಸುತ್ತ ನಿಂತು ಕೈಮುಗಿಯುತ್ತಿದ್ದರು. "ಎಷ್ಟು ಚೆನ್ನಾಗಿ ಒಣಗಿದೆ!" ಅನ್ನುತ್ತಿದ್ದರು. "ನಮ್ಮವಳದು ಹೋದ ವರ್ಷಕ್ಕಿಂತ ಸ್ವಚ್ಛವಾಗಿ ಹೋಗಿದೆ" ಅನ್ನುತ್ತಿದ್ದರು. ಆ ಊರಿನವರಿಗೆ ಅದು ಕಾಣುತ್ತಿತ್ತೋ ಏನೋ.

ನನ್ನವ್ವನಿಗೆ ಕಾಣಲಿಲ್ಲ. ಎರಡು ದಿನ ನಡೆದು, ಕತ್ತೆಯನ್ನು ಬಾಗಿಲಲ್ಲಿ ಬಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು ಬಂದಳು. ಕಲ್ಲನ್ನು ಆ ತುದಿಯಿಂದ ಈ ತುದಿಗೆ ನೋಡಿದಳು.

"ಎಲ್ಲಿ ಮಗಾ?"

"ಇಲ್ಲೇ ಅವ್ವಾ. ನಿನ್ನ ಮುಂದೇನೇ."

"ಏನೈತೆ ಇಲ್ಲಿ?"

"ಕೋಳಿ ಇತ್ತು. ಒಣಗೋಯ್ತು."

"ಯಾರಿಗೂ ಸಿಗದೆ ಹೋಗೋ ಕೋಳಿ ಕಲಿಯಾಕೆ ಇಲ್ಲಿಗಂಟ ಬಂದ್ಯಾ?" ಅಂತ ನಕ್ಕಳು. ಆಮೇಲೆ ದನಿ ತಗ್ಗಿಸಿ ಅಂದಳು: "ಊರಲ್ಲಿ ಕೇಳ್ತಾರೆ ಕಣ್ಲಾ. ಗೌಡರ ಮನೇಗೆ ಬಟ್ಟೆ ತರಾಕೋದ್ರೆ ಆ ಯಮ್ಮ, ನಿನ್ನ ಮಗ ಬರೆದಿದ್ದು ಒಂದಾದ್ರೂ ತೋರ್ಸೇ, ನೀರೇ ಆದ್ರೆ ಒಂದು ಚೆಂಬಲ್ಲಿ ತಗಂಬಂದು ತೋರ್ಸು ಅಂತಾಳೆ. ಎಲ್ರೂ ನಗ್ತಾರೆ. ನಗ್ಲಿ ಬುಡು, ಅದಕ್ಕಲ್ಲ. ನನ್ನ ಕಣ್ಣು ಮಂಜಾಗ್ತಾ ಐತೆ ಮಗಾ. ಹೊಳೆ ಆಚೆ ದಡ ಆಗ್ಲೇ ಕಾಣಾಕಿಲ್ಲ. ಬರೋ ವರ್ಷಕ್ಕೆ ಈಚೆ ದಡ ಕಾಣ್ತದೋ ಇಲ್ವೋ. ಅದ್ರೊಳಗೆ ನೀನು ಬರೆದಿದ್ದು ಒಂದು ನೋಡ್ಬೇಕು. ಒಂದೇ ಒಂದು."

"ನೋಡ್ತೀಯ" ಅಂದೆ. "ಬರೋ ವರ್ಷ ನೋಡ್ತೀಯ. ಈ ಊರಿನೋರು ಎಲ್ಲಾ ನೋಡ್ತಾರೆ."

ಅವಳು ನೀರು ಕುಡಿಯಲು ಹೋದಾಗ ಅವಳ ಸಂಚಿಯಿಂದ ನಾಲ್ಕು ಕರಿಗೇರಿನ ಕಾಯಿ ತೆಗೆದು ಬಚ್ಚಿಟ್ಟುಕೊಂಡೆ.

ಕರಿಗೇರು ಗೊತ್ತಿಲ್ಲದವರಿಗೆ ಹೇಳುತ್ತೇನೆ. ನೂರು ಮನೆಯ ಬಟ್ಟೆ ಒಂದೇ ಗಂಟಿಗೆ ಬಂದಾಗ ಯಾರದು ಯಾವುದು ಅಂತ ತಿಳಿಯಲು ಅಗಸರು ಮೂಲೆಯಲ್ಲಿ ಒಂದು ಗುರುತು ಹಾಕುತ್ತೇವಲ್ಲ, ಅದು ಈ ಕಾಯಿಯ ಸೊನೆಯಿಂದ. ಮುಳ್ಳಿನಿಂದ ಚುಚ್ಚಿದರೆ ಜೇನಿನಂಥ ಸೊನೆ ಬರುತ್ತದೆ. ಸುಣ್ಣ ತಗುಲಿ ಬಿಸಿಲು ಬಿದ್ದರೆ ಕಪ್ಪಾಗುತ್ತದೆ. ಕೈಗೆ ತಾಗಿದರೆ ಬೊಬ್ಬೆ ಏಳುತ್ತದೆ. ಬಟ್ಟೆ ಹರಿದು ಚಿಂದಿಯಾದರೂ ಆ ಗುರುತು ಹೋಗುವುದಿಲ್ಲ. ಆ ಊರಿನವರು ತಮ್ಮ ಬಟ್ಟೆಯನ್ನು ತಾವೇ ಒಗೆದುಕೊಳ್ಳುತ್ತಿದ್ದರು, ಅವರಿಗೆ ಇದರ ಹೆಸರೂ ಗೊತ್ತಿರಲಿಲ್ಲ. ಗೊತ್ತಿದ್ದವನು ನಾನೊಬ್ಬನೇ.

ವರ್ಷವಿಡೀ ಆ ಕಾಯಿಗಳನ್ನು ತಲೆದಿಂಬಿನೊಳಗೆ ಇಟ್ಟುಕೊಂಡು ಮಲಗಿದೆ. ವರ್ಷವಿಡೀ ಮನಸ್ಸಿನಲ್ಲಿ ಒಂದೇ ಚಿತ್ರ ತಿದ್ದಿದೆ. ಬರೆಯುವುದು ಏನು ಅಂತ ಯೋಚಿಸಲೇ ಇಲ್ಲ. ಅವ್ವನ ಕತ್ತೆ. ಅದರ ಬೆನ್ನಿನ ಮೇಲೆ ಬಟ್ಟೆಯ ಗಂಟು, ಗಂಟಿನ ಮೇಲೆ ಕೂತು ನಾನು ಬೆಳೆದದ್ದು. ಅದರ ಎಡಗಿವಿಯ ತುದಿ ಹರಿದಿರುವುದು, ಮೂತಿಯ ಸುತ್ತ ಹಿಟ್ಟು ಬಳಿದಂಥ ಬಿಳುಪು, ಯಾರೂ ನೋಡದ್ದನ್ನೆಲ್ಲ ನಾನು ನೋಡಿದ್ದೆ.

ನೋಡುವವರ ದಿನ ಬಂತು. ಮಣೆಯ ಮೇಲೆ ಒಂದು ಮಡಕೆ ಇಟ್ಟಿದ್ದರು.

"ನೋಡು" ಅಂದರು ಮೇಷ್ಟ್ರು.

"ನೋಡಿದೆ."

"ಇಳಿಸು."

ನಾನು ಕಾಯಿಗಳನ್ನು ಚುಚ್ಚಿ ಬಟ್ಟಲಿಗೆ ಹಿಂಡಿದೆ. ಮೊದಲನೆಯದು ಸುರಿಯಿತು. ಎರಡನೆಯದು ಸುರಿಯಿತು. ಮೂರನೆಯದು ಸುರಿಯಿತು. ನಾಲ್ಕನೆಯದು ವರ್ಷದಲ್ಲಿ ಒಣಗಿ ಟೊಳ್ಳಾಗಿತ್ತು. ಮೊದಲೇ ಒಮ್ಮೆ ಅಲ್ಲಾಡಿಸಿ ನೋಡಿದ್ದರೆ ಗೊತ್ತಾಗುತ್ತಿತ್ತು. ನೋಡಿರಲಿಲ್ಲ. ಇಷ್ಟು ಸಾಕು, ನನ್ನ ಕೈಗೆ ಮೂರೇ ಹೆಚ್ಚು ಅಂದುಕೊಂಡೆ.

ಪಕ್ಕದಲ್ಲಿ ಕೂತವನು ಮೂಗು ಮುಚ್ಚಿಕೊಂಡ. "ಲೋ, ನಿನ್ನ ಬಟ್ಟಲು ನಾರ್ತಿದೆ ಕಣೋ. ಇವತ್ತು ಮಡಕೆ, ನೀನೇನು ಕೊಂಬು ಬರೀತಿದೀಯ?"

"ಕೊಂಬಲ್ಲ, ಕಿವಿ. ನಿನಗೆ ಮಡಕೆ, ನನಗೆ ಕತ್ತೆ."

"ಕತ್ತೆಗೆ ಕತ್ತೆ."

"ಹೂಂ ಕಣೋ. ನಿನ್ನ ಮಡಕೆ ಮಧ್ಯಾಹ್ನಕ್ಕೆ ಎಲ್ಲಿರುತ್ತೆ ನೋಡೋಣ."

ಕಿವಿಯಿಂದಲೇ ಶುರು ಮಾಡಿದ್ದೆ. ಹರಿದ ತುದಿಯನ್ನು ಬರೆದೆ. ಕಿವಿಯೊಳಗಿನ ರೋಮವನ್ನು ಒಂದೊಂದಾಗಿ ಬರೆದೆ. ಬೆನ್ನಿನ ಗಂಟನ್ನು ಬರೆದೆ, ಗಂಟಿನ ನೆರಿಗೆಗಳನ್ನು, ನೆರಿಗೆಯೊಳಗಿನ ನೆರಿಗೆಗಳನ್ನು. ಅಂಥ ನೆರಿಗೆ ಆ ಕಲ್ಲು ಅದುವರೆಗೆ ಕಂಡಿರಲಿಲ್ಲ. ಬೆರಳುಗಳಲ್ಲಿ ಬೆಂಕಿ ಹತ್ತಿದಂತೆ ಉರಿ. ಲೆಕ್ಕಿಸಲಿಲ್ಲ. ಮೂತಿ ಬರೆದೆ, ಹೊಟ್ಟೆ ಬರೆದೆ, ಒಂದು ಕಾಲು ಬರೆದೆ, ಎರಡು ಬರೆದೆ, ಮೂರು ಬರೆದೆ. ಕಡ್ಡಿಯನ್ನು ಬಟ್ಟಲಿಗೆ ಅದ್ದಿದೆ. ಬಟ್ಟಲು ಖಾಲಿ.

"ಬಿಡು" ಅಂದರು ಮೇಷ್ಟ್ರು.

ಮೂವತ್ತೊಂಬತ್ತು ಬಾಯಿ "ಬಿಟ್ಟೆ" ಅಂತು. ನಾನೂ "ಬಿಟ್ಟೆ" ಅಂದೆ. ಕತ್ತೆ ಬಿಡಲಿಲ್ಲ.

ಬಿಸಿಲು ಏರಿತು. ಮಡಕೆಗಳ ಅಂಚು ಹೋಯಿತು, ಕಂಠ ಹೋಯಿತು, ಹೊಟ್ಟೆ ಹೋಯಿತು. ಮೂವತ್ತೊಂಬತ್ತು ಮಡಕೆ ಹಾರಿಹೋದ ಬಿಳಿಯ ಕಲ್ಲಿನ ಮೇಲೆ ನನ್ನ ಕತ್ತೆ ಜೇನಿನಿಂದ ಕಂದಾಯಿತು, ಕಂದಿನಿಂದ ಕಪ್ಪಾಯಿತು. ಒರೆಸುವವನು ತನ್ನ ಒರೆಸುವ ಬಟ್ಟೆಯನ್ನು ಎದೆಗೆ ಒತ್ತಿ ಹಿಡಿದು ಅಳತೊಡಗಿದ.

ಹೊತ್ತು ಬಂತು ಅಂತ ಕಾವಲಿನವನು ಎಂದಿನಂತೆ ಬಾಗಿಲು ತೆಗೆದ. ಒಳಗೆ ಬಂದ ತಾಯಂದಿರು ಮಕ್ಕಳ ಕಣ್ಣು ಮುಚ್ಚಿ ಎಳೆದುಕೊಂಡು ಹೋದರು. ನನ್ನವ್ವ ಒಬ್ಬಳೇ ಆ ಜನವನ್ನು ಸೀಳಿಕೊಂಡು ಒಳಗೆ ಬಂದಳು.

"ಎಲ್ಲಿ ಮಗಾ?"

ಅವಳ ಕೈ ಹಿಡಿದು ಕಲ್ಲಿನ ಮೇಲೆ ಕೂರಿಸಿದೆ. ಅವಳ ಕಣ್ಣಿಗೆ ಆಗಲೇ ಬೆಳಕು, ನೆರಳು ಬಿಟ್ಟು ಬೇರೆ ಕಾಣುತ್ತಿರಲಿಲ್ಲ. ಆದರೆ ಸೊನೆ ಕಲ್ಲನ್ನು ಸುಟ್ಟು ಒಳಗಿಳಿದಿತ್ತು. ಅವಳು ಬೆರಳಿನಿಂದ ಹುಡುಕಿದಳು. ಹರಿದ ಕಿವಿಯ ತುದಿಗೆ ಬೆರಳು ಬಂದ ಕೂಡಲೇ ಅವಳ ಮುಖ ಅರಳಿತು.

"ಅಯ್! ನಮ್ದೇ ಕಣ್ಲಾ ಇದು!"

ಗಂಟಿನ ಮೇಲೆ ಬೆರಳಾಡಿಸಿದಳು. "ಬಿಗಿಯಾಗಿ ಕಟ್ಟೀಯ." ಬೆನ್ನಿನ ಮೇಲೆ, ಹೊಟ್ಟೆಯ ಕೆಳಗೆ. "ಒಂದು. ಎರಡು. ಮೂರು." ಬೆರಳು ಮುಂದೆ ಹೋಯಿತು, ಬರಿಯ ಕಲ್ಲು. ಹಿಂದೆ ಬಂತು, ಬರಿಯ ಕಲ್ಲು. ಮತ್ತೆ ಎಣಿಸಿದಳು.

"ಇನ್ನೊಂದು ಕಾಲು ಎಲ್ಲಿ ಮಗಾ?"

"ನಾಳೆ ಬರೀತೀನಿ ಅವ್ವಾ."

ಆ ನಾಳೆ ಬಂದಾಗ ನನ್ನ ಬಲಗೈಯ ಮೂರು ಬೆರಳು ಬಾತು ಒಡೆದಿದ್ದವು. ವಾಸಿಯಾಗುವ ಹೊತ್ತಿಗೆ ಒಂದಕ್ಕೊಂದು ಅಂಟಿ ಕೊಕ್ಕೆಯಂತೆ ಬಾಗಿ ನಿಂತವು. ಅವು ಮತ್ತೆ ಕಡ್ಡಿ ಹಿಡಿಯಲಿಲ್ಲ.

ಅಂದು ಅವ್ವ ಹೊರಡುವ ಮೊದಲು ಮೇಷ್ಟ್ರು ಅವಳ ಮುಂದೆ ಕೈಮುಗಿದು ಕೇಳಿದರು. "ತಾಯಿ, ನೀವು ಕೊಳೆ ತೆಗೆಯುವವರು. ಇದನ್ನು ತೆಗೆಯುವ ದಾರಿ ಹೇಳಿ."

"ಇಲ್ಲ ಬುದ್ಧಿ. ತೆಗೆಯಾಕೆ ಆಗೋದಿದ್ರೆ ನಾವ್ಯಾಕೆ ಹಚ್ತಿದ್ವಿ?"

ಅವ್ವ ಹೊರಟುಹೋದಳು. ಚಿತ್ರದ ಮನೆಯವರು ಸುಣ್ಣ ಹಾಕಿ ತಿಕ್ಕಿದರು, ಇನ್ನೂ ಕಪ್ಪಾಯಿತು. ಹುಣಸೆ ಹಾಕಿದರು, ಅಂಟುವಾಳ ಹಾಕಿದರು, ಚೌಳು ಮಣ್ಣು ಹಾಕಿದರು. ಹಾರೆ ಹಾಕಿ ಕಲ್ಲನ್ನೇ ಮಗುಚಲು ನೋಡಿದರು, ಅದು ಅಲುಗಲಿಲ್ಲ. ಕಲ್ಲು ಖಾಲಿಯಾಗದೆ ಪಾಠ ಶುರುವಾಗಕೂಡದು. ಒಂಬತ್ತು ದಿನ ಪಾಠವಿರಲಿಲ್ಲ. ನನ್ನನ್ನು ಓಡಿಸುತ್ತಾರೆ ಅಂತ ಗಂಟು ಕಟ್ಟಿಕೊಂಡು ಕೂತಿದ್ದೆ. ಓಡಿಸಿದ್ದರೆ ಚೆನ್ನಾಗಿತ್ತು.

ಹತ್ತನೆಯ ದಿನ ಮೇಷ್ಟ್ರು ಅಂಗಳಕ್ಕೆ ಬಂದರು. ಒಂಬತ್ತು ದಿನದಲ್ಲಿ ಅವರ ತಲೆ ಪೂರ್ತಿ ನೆರೆತಿತ್ತು. "ಈ ಗೆರೆ ಹೋಗುವುದಿಲ್ಲ" ಅಂದರು. "ಒಂದೇ ಇದ್ದರೆ ಕಣ್ಣಿಗೆ ಹೊಡೆಯುತ್ತದೆ. ನಲವತ್ತೂ ಹಾಗೇ ಇದ್ದರೆ ಹೊಡೆಯುವುದಿಲ್ಲ. ಇನ್ನು ಮೇಲೆ ಎಲ್ಲರೂ ಇದನ್ನೇ ಬರೆಯಿರಿ. ಕಿವಿಗೆ ಕಿವಿ, ಕಾಲಿಗೆ ಕಾಲು. ಹೆಚ್ಚೂ ಬೇಡ, ಕಡಿಮೆಯೂ ಬೇಡ."

ಮಣೆಯನ್ನು ಒಳಗಿಟ್ಟರು. ಎದುರಿಗೆ ನೋಡುವುದಕ್ಕೆ ಏನೂ ಇಲ್ಲವಾದ್ದರಿಂದ "ನೋಡು" ಅನ್ನುವುದನ್ನೂ ಬಿಟ್ಟರು. "ಇಳಿಸು" ಅಂದರು. ಮೂವತ್ತೊಂಬತ್ತು ಕಡ್ಡಿಗಳು ಮೂರು ಕಾಲಿನ ಮೂವತ್ತೊಂಬತ್ತು ಕತ್ತೆಗಳನ್ನು ಇಳಿಸಿದವು. ನನ್ನ ಬಟ್ಟಲು ಹಾಗೇ ಇತ್ತು. ನಾನು ಮಂಡಿಯ ಮೇಲೆ ಕೈಯಿಟ್ಟುಕೊಂಡು ಕೂತು ನೋಡಿದೆ.

ನಿಜ ಹೇಳುತ್ತೇನೆ, ಎದೆ ಉಬ್ಬಿತು.

ಆರು ವರ್ಷ ಕಳೆಯಿತು. ಹಳಬರು ಹೋದರು, ಹೊಸಬರು ಬಂದರು. ಹೊಸಬರಿಗೆ ಕೋಳಿಯೂ ಗೊತ್ತಿಲ್ಲ, ಬದನೆಕಾಯಿಯ ಸುಕ್ಕೂ ಗೊತ್ತಿಲ್ಲ. ಬೆಳಿಗ್ಗೆ ಬಂದು ಕೂತು ಕತ್ತೆ ಬರೆಯುತ್ತಾರೆ, ಮರುದಿನ ಬಂದು ಕತ್ತೆ ಬರೆಯುತ್ತಾರೆ. ಆ ಊರಿನ ಬಾಗಿಲುಗಳಲ್ಲಿ ರಂಗೋಲಿ ಹೋಗಿ ನೀರಿನ ಕತ್ತೆ ಬಂತು, ಮೂರು ಕಾಲಿನದು. ನೂರು ಬಾಗಿಲು, ನೂರು ಕತ್ತೆ. ಯಾವ ಬೀದಿಗಾದರೂ ಹೋಗಿ, ನನ್ನದೇ ಚಿತ್ರ. ಹೇಳಿ, ಯಾವ ಊರಿನಲ್ಲಿ ಯಾವ ಚಿತ್ರಗಾರನಿಗೆ ಇಷ್ಟು ಸಿಕ್ಕಿದೆ?

ಒರೆಸುವವನು ಸತ್ತ. ಅವನ ಬಟ್ಟೆ ನನ್ನ ಕೈಗೆ ಬಂತು, ಅದನ್ನು ಹಿಡಿಯಲು ಕೊಕ್ಕೆ ಬೆರಳು ಸಾಕು. ಮೇಷ್ಟ್ರ ಕಣ್ಣು ಮಬ್ಬಾದ ಮೇಲೆ ಅವರ ಬಿದಿರ ಕೋಲೂ ನನ್ನ ಕೈಗೆ ಬಂತು. ಮಕ್ಕಳು ಬರೆದು ಮುಗಿಸಿದ ಮೇಲೆ ನಾನು ಕಲ್ಲಿನ ಸುತ್ತ ನಡೆದು ಒಂದೊಂದು ಕತ್ತೆಗೂ ಕೋಲು ಮುಟ್ಟಿಸಿ ಸರಿ ಅನ್ನಬೇಕು, ಇಲ್ಲವೆ ತಪ್ಪು ಅನ್ನಬೇಕು. ತಪ್ಪಾದರೆ ಅಲ್ಲೇ ಒರೆಸಬೇಕು. ನನ್ನ ಬಾಯಿಂದ ಬಂದದ್ದೇ ಕೊನೆಯ ಮಾತು.

ಆ ಆರನೆಯ ವರ್ಷದ ನೋಡುವವರ ದಿನ ಅವ್ವ ಮತ್ತೆ ಬಂದಳು. ಅಂದಿನಿಂದ ಬಂದಿರಲಿಲ್ಲ. ಈಗ ಅವಳಿಗೆ ಏನೂ ಕಾಣುತ್ತಿರಲಿಲ್ಲ. ಕತ್ತೆಯ ಬಾಲ ಹಿಡಿದುಕೊಂಡು, ಅದು ನಡೆದಲ್ಲಿ ನಡೆದು ಬಂದಿದ್ದಳು. ಕತ್ತೆಗೂ ಮುಪ್ಪು. ಬಾಗಿಲಲ್ಲಿ ಬಂದು ನಿಂತಿತು, ಒಂದು ಹಿಂಗಾಲನ್ನು ಸಡಿಲಬಿಟ್ಟು ಗೊರಸಿನ ತುದಿಯನ್ನು ಮಾತ್ರ ನೆಲಕ್ಕೆ ಊರಿ, ದಣಿದಾಗ ಅದು ಯಾವಾಗಲೂ ನಿಲ್ಲುತ್ತಿದ್ದಂತೆ.

ನಿಜವಾದ ಕತ್ತೆಯನ್ನು ಎಂದೂ ಕಾಣದ ಮಕ್ಕಳೆಲ್ಲ ಓಡಿ ಬಂದು ಮುತ್ತಿಕೊಂಡರು. ಆಮೇಲೆ ಒಬ್ಬ ಬೆರಳು ತೋರಿಸಿ ಕಿರುಚಿದ.

"ಇದಕ್ಕೊಂದು ಕಾಲು ಜಾಸ್ತಿ!"

ನಗು ಕಟ್ಟೆಯೊಡೆದು ಬಂತು. "ಪಾಪ, ಹುಟ್ಟಿದಾಗಿಂದ ಹಿಂಗೇನಾ ಅಜ್ಜಿ?" "ಅದನ್ನ ಎಲ್ಲಿ ಇಡಬೇಕು ಅಂತ ಅದಕ್ಕೇ ಗೊತ್ತಾಗ್ತಿಲ್ಲ ನೋಡ್ರೋ!" "ಕತ್ತೆ ಅಂತ ಸುಳ್ಳು ಹೇಳ್ಬೇಡಿ ಅಜ್ಜಿ, ಇದು ಬೇರೆ ಏನೋ!"

ಅವ್ವನೂ ಮೊದಲು ನಕ್ಕಳು. ಮಕ್ಕಳು ಕೀಟಲೆ ಮಾಡುತ್ತಿದ್ದಾರೆ ಅಂದುಕೊಂಡಿದ್ದಳು. ಆಮೇಲೆ ನಗು ನಿಂತಿತು. ಕುರುಡರಿಗೆ ದನಿ ಬೇಗ ಅರ್ಥವಾಗುತ್ತದೆ.

"ಮಗಾ, ಇದ್ದೀಯೇನ್ಲಾ?"

"ಇದ್ದೀನಿ ಅವ್ವಾ."

"ಹೇಳ್ಲಾ ಇವಕ್ಕೆ. ಇದರ ಬೆನ್ನ ಮೇಲೆ ಬೆಳೆದೋನು ನೀನು. ಕತ್ತೆಗೆ ಎಷ್ಟು ಕಾಲು ಅಂತ ನೀನೇ ಹೇಳು."

ಮಕ್ಕಳು ನನ್ನ ಕಡೆ ತಿರುಗಿದರು. ಮೇಷ್ಟ್ರು ಜಗಲಿಯಲ್ಲಿ ಕೂತು ಕಿವಿಗೆ ಕೈ ಹಚ್ಚಿದ್ದರು. ನನ್ನ ಕೈಯಲ್ಲಿ ಕೋಲಿತ್ತು. ನಾಲ್ಕು ಅಂದರೆ ಏನಾಗುತ್ತದೆ ಅಂತ ಒಂದು ಕ್ಷಣದಲ್ಲಿ ಕಂಡೆ. ನೂರು ಬಾಗಿಲಿನ ನೂರು ಕತ್ತೆಗಳು ತಪ್ಪಾಗುತ್ತವೆ. ಕಲ್ಲಿನ ಮೇಲಿರುವುದು ಚಿತ್ರವಲ್ಲ, ಸೊನೆ ಸಾಲದೆ ಹೋದ ಒಂದು ಅರೆಕೆಲಸ ಅಂತ ಆಗುತ್ತದೆ. ಇದೊಂದು ಬಿಟ್ಟರೆ ನನ್ನದು ಅಂತ ಬೇರೇನೂ ಇರಲಿಲ್ಲ.

"ಮೂರು" ಅಂದೆ.

ಅವ್ವ ಬಗ್ಗಿ, ತಡವರಿಸಿ, ಕತ್ತೆಯ ಆ ಸಡಿಲ ಹಿಂಗಾಲನ್ನು ಹಿಡಿದು ಮೆಲ್ಲಗೆ ಎತ್ತಿದಳು.

"ಹಂಗಾದ್ರೆ ಇದನ್ನ ಎಲ್ಲಿ ಇಡಾನ ಮಗಾ?"

ಅವಳು ಕಾಲನ್ನು ನೆಲಕ್ಕೆ ಇಳಿಸಿದಳು. ಕತ್ತೆ ತಿರುಗಿತು. ಅವಳು ಬಾಲ ಹಿಡಿದುಕೊಂಡಳು. ಹೋದರು. ಆಮೇಲೆ ಬರಲಿಲ್ಲ.

ಆ ಗದ್ದಲದಲ್ಲಿ ನಗದೆ ಇದ್ದವಳು ಒಬ್ಬಳೇ, ಎಡಗೈ ಹುಡುಗಿ. ಆ ವರ್ಷ ಬಂದವಳು. ಎಡಗೈಯಲ್ಲಿ ಕಡ್ಡಿ ಹಿಡಿಯುತ್ತಾಳೆ ಅಂತ ಅವಳಿಗೆ ಯಾರೂ ಇಷ್ಟಪಡದ ಜಾಗ ಕೊಟ್ಟಿದ್ದರು, ಸರಿಯಾಗಿ ಆ ಕಪ್ಪು ಕತ್ತೆಯ ಮುಂದೆ. ಉಳಿದವರು ಖಾಲಿ ಕಲ್ಲಿನ ಮೇಲೆ ಬರೆಯುತ್ತಿದ್ದರು, ಅವಳು ದಿನಾ ನನ್ನ ಗೆರೆಯ ಮೇಲೇ ನೀರು ಎಳೆಯಬೇಕಿತ್ತು. ಅಂದು ಅವಳು ಬಾಗಿಲಲ್ಲಿ ಕುಕ್ಕರುಗಾಲಿನಲ್ಲಿ ಕೂತು ಕತ್ತೆಯ ಹಿಂಗಾಲನ್ನೇ ನೋಡುತ್ತಿದ್ದಳು. ಕತ್ತೆ ಬೀದಿಯ ತಿರುವಿನಲ್ಲಿ ಮರೆಯಾಗುವವರೆಗೂ ನೋಡಿದಳು.

ಮರುದಿನ ಬೆಳಿಗ್ಗೆ ಮೇಷ್ಟ್ರು "ಇಳಿಸು" ಅಂದರು. ಎಲ್ಲರೂ ಇಳಿಸಿದರು. ನಾನು ಕೋಲು ಹಿಡಿದು ಹೊರಟೆ. ಸರಿ. ಸರಿ. ಸರಿ. ಸರಿ. ಎಡಗೈ ಹುಡುಗಿಯ ಮುಂದೆ ಬಂದು ನಿಂತೆ.

ಅವಳು ಕಾಲಿನಿಂದ ಶುರು ಮಾಡಿದ್ದಳು. ಅವಳಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ನನ್ನ ಮೂರು ಕಪ್ಪು ಕಾಲುಗಳ ಹಿಂದೆ, ಬರಿಯ ಕಲ್ಲಿನ ಮೇಲೆ, ನೀರಿನ ಒಂದು ಕಾಲು. ಸಡಿಲಬಿಟ್ಟದ್ದು. ಗೊರಸಿನ ತುದಿ ಮಾತ್ರ ನೆಲಕ್ಕೆ ತಾಗಿದ್ದು.

ನನ್ನ ಕತ್ತೆ ನಿಂತಿತ್ತು. ಆರು ವರ್ಷ ಅದು ನಿಂತಿರಲಿಲ್ಲ, ಬೀಳುತ್ತಲೇ ಇತ್ತು, ಅದು ನನಗೆ ಗೊತ್ತೇ ಇರಲಿಲ್ಲ. ಈಗ ಅದರ ಬೆನ್ನಿನ ಗಂಟಿನ ಭಾರ ಇಳಿದು ಇಳಿದು ಆ ನೀರಿನ ಕಾಲಿಗೆ ಬಂದು ವಿಶ್ರಾಂತಿ ತೆಗೆದುಕೊಳ್ಳುತ್ತಿತ್ತು. ಹೊಳೆಯ ವಾಸನೆ ಬಂತು. ಒದ್ದೆ ಬಟ್ಟೆಯ ವಾಸನೆ ಬಂತು.

"ಇದೇನು?" ಅಂದೆ.

"ಕಾಲು ಅಣ್ಣಾ."

"ಯಾರು ಹೇಳಿದ್ರು?"

"ಯಾರೂ ಹೇಳ್ಲಿಲ್ಲ. ನೋಡಿದೆ."

ಆ ಅಂಗಳದಲ್ಲಿ ಆರು ವರ್ಷದಿಂದ ಆ ಮಾತು ಯಾರ ಬಾಯಲ್ಲೂ ಬಂದಿರಲಿಲ್ಲ. ಅಕ್ಕಪಕ್ಕದ ಮಕ್ಕಳು ಕಡ್ಡಿ ಕೆಳಗಿಟ್ಟರು.

"ಪಾಪ, ಅದಕ್ಕೆ ಸುಸ್ತಾಗಿತ್ತು ಅಣ್ಣಾ" ಅಂದಳು ಹುಡುಗಿ. "ಅದಕ್ಕೇ ಹಂಗೆ ನಿಂತಿತ್ತು. ನಿಮ್ಮದಕ್ಕೂ ಹಂಗೇ ಒಂದು ಇರಬೇಕು ಅನ್ನಿಸ್ತು."

ಜಗಲಿಯಿಂದ ಮೇಷ್ಟ್ರ ದನಿ ಬಂತು. "ಯಾಕಪ್ಪ ಕೋಲು ನಿಂತಿತು? ಸರಿಯೋ, ತಪ್ಪೋ?"

ನಾನು ಒಂದೇ ಒಂದು ಮಾತು ಹೇಳಬೇಕಿತ್ತು. ಮೇಷ್ಟ್ರು ಎದ್ದು ಬಂದು ನೋಡಲಾರರು. ಯಾಕೆ ಅಂತ ಕೇಳುವವರು ಯಾರೂ ಇರಲಿಲ್ಲ. ಸರಿ ಅಂದಿದ್ದರೆ ಅಂದು ಮಧ್ಯಾಹ್ನಕ್ಕೆ ಕತ್ತೆಗೆ ನಾಲ್ಕು ಕಾಲು ಬರುತ್ತಿತ್ತು, ಮರುದಿನ ಮಣೆ ಹೊರಗೆ ಬರುತ್ತಿತ್ತು, ಮಣೆಯ ಮೇಲೆ ಒಂದು ಬದನೆಕಾಯಿ ಬರುತ್ತಿತ್ತು. ಅವ್ವ ಇನ್ನೂ ಒಂದು ದಿನದ ದಾರಿಯಲ್ಲಿದ್ದಳು, ಓಡಿ ಹೋಗಿ ಹಿಡಿಯಬಹುದಿತ್ತು.

ನಾನು ಕಾದೆ. ಒರೆಸಲು ಕೈ ಬರಲಿಲ್ಲ, ಅದಕ್ಕೇ ಕಾದೆ. ಬಿಸಿಲು ಏರಿತು. ನೀರಿನ ಕತ್ತೆಗಳೆಲ್ಲ ಹೋದವು. ಆ ಕಾಲು ಹೋಗಲಿಲ್ಲ. ಅಂಥ ಹದ ನನ್ನ ಕೈಗೂ ಇರಲಿಲ್ಲ, ಇದನ್ನು ಮೊದಲ ಸಲ ಹೇಳುತ್ತಿದ್ದೇನೆ. ತೊಡೆ ಹೋಯಿತು, ಮಂಡಿ ಹೋಯಿತು, ಕೊನೆಗೆ ಗೊರಸಿನ ತುದಿಯೊಂದೇ ಉಳಿಯಿತು, ಒಂದು ಸಾಸಿವೆಯಷ್ಟು ಒದ್ದೆ. ಅದೂ ಹೋಯಿತು.

"ತಪ್ಪು" ಅಂದೆ.

ಹುಡುಗಿ ಅಳಲಿಲ್ಲ. ನನ್ನ ಮುಖವನ್ನೇ ನೋಡಿದಳು, ಹಿಂದಿನ ದಿನ ಕತ್ತೆಯ ಕಾಲನ್ನು ನೋಡಿದ ಹಾಗೆ. ಆಮೇಲೆ ತಲೆಯಾಡಿಸಿದಳು.

ಅದರ ಮರುದಿನ ಅವಳು ಮೂರು ಕಾಲು ಬರೆದಳು. ಹೆಚ್ಚಿಲ್ಲ, ಕಡಿಮೆಯಿಲ್ಲ. ಕಿವಿಯಿಂದ ಶುರು ಮಾಡಿದಳು. ನನ್ನ ಗೆರೆಯ ಮೇಲೆ ಅವಳ ನೀರು ಒಂದು ಕೂದಲಿನಷ್ಟೂ ಆಚೀಚೆ ಹೋಗಲಿಲ್ಲ. ಕಲ್ಲಿನ ಮೇಲಿನ ಎಲ್ಲ ಕತ್ತೆಗಳಿಗಿಂತ ಕೊನೆಗೆ ಒಣಗಿದ್ದು ಅವಳದೇ. ಕೋಲು ಮುಟ್ಟಿಸಿ ಸರಿ ಅಂದೆ. ಬೆಲ್ಲದ ಉಂಡೆ ತಂದು ಅವಳ ಎಡಗೈಯಲ್ಲಿ ಇಟ್ಟೆ.

ಅವಳು ತಿನ್ನಲಿಲ್ಲ. ಮುಷ್ಟಿ ಮುಚ್ಚಿಕೊಂಡು ಅಲ್ಲೇ ಕೂತಳು. ಬಿಸಿಲಿಗೆ ಬೆಲ್ಲ ಕರಗಿ ಬೆರಳ ಸಂದಿಯಿಂದ ಇಳಿಯಿತು, ಒಂದೊಂದೇ ಹನಿ ಕಲ್ಲಿನ ಮೇಲೆ ಬಿತ್ತು, ಕತ್ತೆಯ ಮೂರು ಕಾಲುಗಳ ಹಿಂದೆ, ಬರಿಯ ಕಲ್ಲಿದ್ದಲ್ಲಿ. ಹನಿಗಳು ಒಂದರ ಕೆಳಗೊಂದು ಕೂಡಿ ಒಂದು ಉದ್ದನೆಯ ಕಂದು ಕಲೆಯಾದವು. ಹುಡುಗಿ ಎದ್ದು ಹೋದ ಮೇಲೆ ನಾನು ಬಟ್ಟೆಯನ್ನು ಸುಣ್ಣದ ತಿಳಿಯಲ್ಲಿ ಅದ್ದಿ ಮಂಡಿಯೂರಿದೆ.

ಒಂದೇ ಸಲಕ್ಕೆ ಹೋಯಿತು. ಒರೆಸುವುದರಲ್ಲಿ ನನ್ನನ್ನು ಮೀರಿಸುವವರು ಆ ಊರಿನಲ್ಲಿ ಯಾರೂ ಇಲ್ಲ.